ಇನ್ನೊಬ್ಬ ಚಂದ್ರಶೇಖರ್: ದ್ರವ ಸ್ಫಟಿಕಗಳ ಹಿಂದೆ ಹೋದವರು

ಎಸ್. ಚಂದ್ರಶೇಖರ್, ಸಿ. ವಿ. ರಾಮನ್ ಅವರ ಸಂಬಂಧಿ, ಭೌತವಿಜ್ಞಾನಿ. ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ತುಂಬಾ ಜನ ನೊಬೆಲ್ ಪ್ರಶಸ್ತಿ, ನಕ್ಷತ್ರ, ಚಂದ್ರಶೇಖರ್ ಮಿತಿ ಅಂತ ಶುರು ಮಾಡ್ತಾರೆ. ಅವರು ಸುಬ್ರಹ್ಮಣ್ಯನ್ ಚಂದ್ರಶೇಖರ್, ರಾಮನ್ ಅವರ ಅಣ್ಣನ ಮಗ. ಈ ಲೇಖನ ಅವರ ಬಗ್ಗೆ ಅಲ್ಲ. ರಾಮನ್ ಅವರ ತಂಗಿ ಸೀತಾಲಕ್ಷ್ಮಿ ಅವರಿಗೂ ಒಬ್ಬ ಮಗ ಇದ್ದರು, ಅವರ ಹೆಸರೂ ಎಸ್. ಚಂದ್ರಶೇಖರ್. ಪೂರ್ತಿ ಹೆಸರು ಶಿವರಾಮಕೃಷ್ಣ ಚಂದ್ರಶೇಖರ್. ಒಬ್ಬರು ಶಿಕಾಗೋದಲ್ಲಿ ಕೂತು ನಕ್ಷತ್ರಗಳ ಲೆಕ್ಕ ಹಾಕಿದರು. ಇನ್ನೊಬ್ಬರು ಮೈಸೂರಲ್ಲಿ, ಆಮೇಲೆ ನಮ್ಮದೇ ಬೆಂಗಳೂರಲ್ಲಿ ಕೂತು, ಈಗ ನೀವು ಇದನ್ನ ಓದ್ತಿರೋ ಸ್ಕ್ರೀನ್ ಜೊತೆ ಹತ್ತಿರದ ಸಂಬಂಧ ಇರೋ ಒಂದು ವಿಚಿತ್ರ ವಸ್ತುವಿನ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದರು. ಆ ವಸ್ತುವಿನ ಹೆಸರು ದ್ರವ ಸ್ಫಟಿಕ. ಎಲ್‌ಸಿಡಿ ಅನ್ನೋದರಲ್ಲಿ ಮೊದಲ ಎರಡು ಅಕ್ಷರ ಅದೇ.

ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತಾದಲ್ಲಿ. ಆ ವರ್ಷವೇ ಅವರ ಸೋದರಮಾವ ರಾಮನ್‌ಗೆ ನೊಬೆಲ್ ಬಂತು. ಇನ್ನೂ ಒಂದು ಕಾಕತಾಳೀಯ ಇದೆ. ಅದೇ 1930ರಲ್ಲಿ ಅಮೆರಿಕದ ಸಾಯರ್ ಮತ್ತು ಟವರ್ ಅನ್ನೋ ಇಬ್ಬರು, ರೋಷೆಲ್ ಸಾಲ್ಟ್ ಅನ್ನೋ ಹರಳಿನ ಹಿಸ್ಟೆರಿಸಿಸ್ ಲೂಪನ್ನ ಪರದೆ ಮೇಲೆ ನೋಡೋದಕ್ಕೆ ಒಂದು ಸಣ್ಣ ಸರ್ಕ್ಯೂಟ್ ಪ್ರಕಟಿಸಿದರು. ಫೆರೋಎಲೆಕ್ಟ್ರಿಕ್ ಅಂದರೆ ಏನು ಅಂತ ಮುಂದೆ ಹೇಳ್ತೀನಿ, ಈ ಸರ್ಕ್ಯೂಟನ್ನ ಮಾತ್ರ ನೆನಪಲ್ಲಿ ಇಟ್ಕೊಳ್ಳಿ.

ನಾಗಪುರ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಎಂ.ಎಸ್ಸಿ. ಮುಗಿಸಿ ಚಂದ್ರಶೇಖರ್ ಬೆಂಗಳೂರಿಗೆ ಬಂದು ಮಾವನ ಸಂಸ್ಥೆಯಾದ ರಾಮನ್ ಸಂಶೋಧನಾ ಸಂಸ್ಥೆಗೆ ಸೇರಿದರು. ಆಗ ಆ ಸಂಸ್ಥೆ ತುಂಬಾ ಹೊಸದು. ಶುರುವಿನ ದಿನಗಳಲ್ಲಿ ಅಲ್ಲಿ ಕರೆಂಟ್ ಕೂಡ ಇರಲಿಲ್ಲ, ರಾಮನ್ ಬಿಸಿಲಿನ ಬೆಳಕಲ್ಲೇ ಪ್ರಯೋಗ ಮಾಡ್ತಿದ್ದರು. ಅಂಥ ಜಾಗದಲ್ಲಿ ಚಂದ್ರಶೇಖರ್ ಮಾಡಿದ್ದು ಹರಳುಗಳ ಬೆಳಕಿನ ಗುಣದ ಕೆಲಸ. ಕ್ವಾರ್ಟ್ಜ್‌ನಂಥ ಕೆಲವು ಹರಳುಗಳ ಮೂಲಕ ಧ್ರುವೀಕೃತ ಬೆಳಕು ಹೋದರೆ ಅದರ ದಿಕ್ಕು ಸ್ವಲ್ಪ ತಿರುಗುತ್ತೆ. ಎಷ್ಟು ತಿರುಗುತ್ತೆ, ಬೆಳಕಿನ ಬಣ್ಣ ಬದಲಾದರೆ ಆ ತಿರುಗು ಹೇಗೆ ಬದಲಾಗುತ್ತೆ ಅಂತ ಅಳೆದರು. ಅದಕ್ಕೆ 1954ರಲ್ಲಿ ನಾಗಪುರದಿಂದಲೇ ಡಿ.ಎಸ್ಸಿ. ಸಿಕ್ತು.

ಆಮೇಲೆ ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಲ್ಯಾಬ್‌ಗೆ ಹೋದರು. ಅಲ್ಲಿ ವಿಷಯ ಬದಲಾಯಿತು. ಹರಳಿನ ಮೇಲೆ ಎಕ್ಸ್‌-ರೇ ಬಿದ್ದಾಗ ಒಂದು ಪದರದಿಂದ ಚದುರಿದ ಕಿರಣ ಇನ್ನೊಂದು ಪದರದಲ್ಲಿ ಮತ್ತೆ ಚದುರುತ್ತೆ, ಹಾಗಾಗಿ ಲೆಕ್ಕ ತಪ್ಪುತ್ತೆ. ಆ ತಪ್ಪನ್ನ ಸರಿ ಮಾಡೋದು ಹೇಗೆ ಅನ್ನೋದು ಅವರ ಪಿಎಚ್‌.ಡಿ. ಕೆಲಸ. ಅದಾದ ಮೇಲೆ ಲಂಡನ್‌ನಲ್ಲಿ ಯೂನಿವರ್ಸಿಟಿ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಷನ್. ಕೇಂಬ್ರಿಡ್ಜ್ ಡಿಗ್ರಿ, ಲಂಡನ್ ಅನುಭವ, ಇನ್ನೂ ಮೂವತ್ತು ವಯಸ್ಸು. ಇವತ್ತಿನ ಲೆಕ್ಕದಲ್ಲಿ ಯೋಚಿಸಿ, ಅಂಥ ಪ್ರೊಫೈಲ್ ಇರೋರು ಎಲ್ಲಿ ಸೆಟ್ಲ್ ಆಗ್ತಾರೆ?

ಅವರು 1961ರಲ್ಲಿ ಮೈಸೂರಿಗೆ ಬಂದರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸು ಆಗ ತಾನೇ ತಲೆ ಎತ್ತುತ್ತಿತ್ತು. ಅಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವಿಭಾಗಕ್ಕೆ ಮೊದಲ ಮುಖ್ಯಸ್ಥರು ಅವರೇ. ಅಂದರೆ ವಿಭಾಗ ಕಟ್ಟಬೇಕು, ಲ್ಯಾಬ್ ಕಟ್ಟಬೇಕು, ಪಾಠ ಮಾಡಬೇಕು, ಅದರ ಮಧ್ಯೆ ಸಂಶೋಧನೆಯನ್ನೂ ನಡೆಸಬೇಕು. ದೊಡ್ಡ ದೊಡ್ಡ ಯಂತ್ರ ಬೇಕಾಗೋ ವಿಷಯ ಹಿಡಿದಿದ್ದರೆ ಅಲ್ಲಿ ಕೆಲಸ ಮುಂದೆ ಹೋಗ್ತಾ ಇರಲಿಲ್ಲ. ಅವರು ಹಿಡಿದಿದ್ದು ದ್ರವ ಸ್ಫಟಿಕ. ಒಳ್ಳೆ ಮೈಕ್ರೋಸ್ಕೋಪು, ಎರಡು ಪೋಲರೈಸರು, ಬಿಸಿ ಮಾಡೋಕೆ ಒಂದು ಸಣ್ಣ ವ್ಯವಸ್ಥೆ, ಮಿಕ್ಕಿದ್ದೆಲ್ಲ ತಲೆಯಿಂದ ಬರಬೇಕು.

ದ್ರವ ಸ್ಫಟಿಕ ಅಂದರೆ ಏನು? 1888ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲ್‌ನ ಒಂದು ಸಂಯುಕ್ತವನ್ನ ಬಿಸಿ ಮಾಡಿ ನೋಡಿದರು. 145.5 ಡಿಗ್ರಿಯಲ್ಲಿ ಅದು ಕರಗಿ ಮಸುಕಾದ ದ್ರವ ಆಯ್ತು. 178.5 ಡಿಗ್ರಿಯಲ್ಲಿ ಇನ್ನೊಂದು ಸಲ ಕರಗಿದ ಹಾಗೆ ಆಗಿ ತಿಳಿಯಾಯ್ತು. ಒಂದು ವಸ್ತುವಿಗೆ ಎರಡು ಕರಗು ಬಿಂದು! ಆ ಎರಡರ ಮಧ್ಯೆ ಇದ್ದ ಸ್ಥಿತಿ ನೀರಿನ ಹಾಗೆ ಹರಿಯುತ್ತೆ, ಆದರೆ ಅದರ ಅಣುಗಳು ಹರಳಿನಲ್ಲಿ ಇರೋ ಹಾಗೆ ಒಂದು ಶಿಸ್ತಿಗೆ ಒಳಪಟ್ಟಿರುತ್ತವೆ. ಹೆಚ್ಚಿನವುಗಳಲ್ಲಿ ಅಣುಗಳು ಊದುಬತ್ತಿ ಕಡ್ಡಿಯ ಥರ ಉದ್ದ. ಪ್ಯಾಕೆಟ್ ಒಳಗೆ ಕಡ್ಡಿಗಳು ಹಿಂದೆ ಮುಂದೆ ಜಾರಬಹುದು, ಆದರೆ ಎಲ್ಲಾ ಒಂದೇ ದಿಕ್ಕಿಗೆ ಇರ್ತವೆ ಅಲ್ವಾ, ಹಾಗೆ. ಇದಕ್ಕೆ ನೆಮ್ಯಾಟಿಕ್ ಅಂತಾರೆ. ಪದರದಿಂದ ಪದರಕ್ಕೆ ಆ ದಿಕ್ಕು ಸುರುಳಿ ಮೆಟ್ಟಿಲಿನ ಥರ ತಿರುಗ್ತಾ ಹೋದರೆ ಅದು ಕೊಲೆಸ್ಟೆರಿಕ್.

ಕೊಲೆಸ್ಟೆರಿಕ್‌ಗಳು ಬೆಳಕನ್ನ ತಿರುಗಿಸೋದು ಕ್ವಾರ್ಟ್ಜ್‌ಗಿಂತ ಸಾವಿರಾರು ಪಟ್ಟು ಜಾಸ್ತಿ. ಚಂದ್ರಶೇಖರ್‌ಗೆ ಬೆಂಗಳೂರಲ್ಲಿ ಮಾಡಿದ ಕೆಲಸ ಇಲ್ಲಿ ನೆರವಿಗೆ ಬಂತು. ಆ ಸುರುಳಿಯ ಪದರಗಳಿಂದ ಬೆಳಕು ಮತ್ತೆ ಮತ್ತೆ ಪ್ರತಿಫಲಿಸೋದು, ಹರಳಿನ ಪದರಗಳಿಂದ ಎಕ್ಸ್‌-ರೇ ಮತ್ತೆ ಮತ್ತೆ ಚದುರೋ ಹಾಗೇ ಇದೆ ಅಂತ ಅವರು ಕಂಡುಕೊಂಡರು. ಕೇಂಬ್ರಿಡ್ಜ್‌ನ ಎಕ್ಸ್‌-ರೇ ಸಿದ್ಧಾಂತವನ್ನ ತಂದು ಮೈಸೂರಿನಲ್ಲಿ ಕಣ್ಣಿಗೆ ಕಾಣೋ ಬೆಳಕಿಗೆ ಹೊಂದಿಸಿದರು. ವಿದ್ಯಾರ್ಥಿಗಳ ಜೊತೆ 1960ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಈ ಕೆಲಸದಿಂದ ಹೊರಗಿನವರಿಗೆ ಮೈಸೂರಿನ ಹೆಸರು ಗೊತ್ತಾಯ್ತು. ನನಗೆ ಇದರಲ್ಲಿ ಇಷ್ಟ ಆಗೋದು ಏನು ಅಂದರೆ, ಎರಡು ಊರಲ್ಲಿ ಕಲಿತ ಎರಡು ಬೇರೆ ಬೇರೆ ವಿಷಯ ಮೂರನೇ ಊರಲ್ಲಿ ಒಂದಾಗಿದ್ದು. ಸಿಲಬಸ್‌ನಲ್ಲಿ ಇಲ್ಲ ಅಂತ ನಾವು ಬಿಟ್ಟು ಬರೋ ವಿಷಯಗಳ ಬಗ್ಗೆ ಯೋಚಿಸೋ ಹಾಗೆ ಮಾಡುತ್ತೆ.

ಅವರ ತಮ್ಮ ಪಂಚರತ್ನಂ ಕೂಡ ಸ್ವಲ್ಪ ಕಾಲ ಮೈಸೂರಿನಲ್ಲೇ ಪಾಠ ಮಾಡಿದ್ದರು. ಇಪ್ಪತ್ತೆರಡರ ವಯಸ್ಸಿನಲ್ಲಿ, 1956ರಲ್ಲಿ, ರಾಮನ್ ಸಂಸ್ಥೆಯಲ್ಲಿ ಇದ್ದಾಗ ಧ್ರುವೀಕೃತ ಬೆಳಕಿನ ಬಗ್ಗೆ ಪಂಚರತ್ನಂ ಬರೆದ ಒಂದು ಲೇಖನದ ಬೆಲೆ ಜಗತ್ತಿಗೆ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು. ಈಗ ಅದಕ್ಕೆ ಪಂಚರತ್ನಂ ಫೇಸ್ ಅಂತ ಹೆಸರು. ಅದನ್ನ ನೋಡೋಕೆ ಪಂಚರತ್ನಂ ಇರಲಿಲ್ಲ. 1969ರಲ್ಲಿ, ಬರೀ ಮೂವತ್ತೈದು ವಯಸ್ಸಿಗೆ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಮರುವರ್ಷ, 1970ರ ನವೆಂಬರ್ 21ರಂದು, ರಾಮನ್ ಕೂಡ ಹೋದರು. ಒಂದೂವರೆ ವರ್ಷದ ಒಳಗೆ ತಮ್ಮನೂ ಇಲ್ಲ, ಗುರುವೂ ಆಗಿದ್ದ ಮಾವನೂ ಇಲ್ಲ.

1971ರಲ್ಲಿ ಚಂದ್ರಶೇಖರ್‌ರನ್ನ ರಾಮನ್ ಸಂಸ್ಥೆಗೆ ದ್ರವ ಸ್ಫಟಿಕಗಳ ಲ್ಯಾಬ್ ಕಟ್ಟೋದಕ್ಕೆ ಕರೆದರು. ಮೈಸೂರಿನ ಕೆಲವು ಶಿಷ್ಯರೂ ಅವರ ಜೊತೆ ಬಂದರು. ಈ ಸಲ ಒಂದೇ ಸೂರಿನಡಿ ರಸಾಯನಶಾಸ್ತ್ರದವರು, ಭೌತಶಾಸ್ತ್ರದವರು ಇಬ್ಬರೂ ಇದ್ದರು. ಹೊಸ ಅಣು ಬೇಕು ಅಂದರೆ ಬೇರೆ ದೇಶಕ್ಕೆ ಬರೆದು ತಿಂಗಳುಗಟ್ಟಲೆ ಕಾಯೋ ಬದಲು, ಪಕ್ಕದ ರೂಮಿನಲ್ಲೇ ತಯಾರು ಮಾಡಬಹುದು. ಇದು ಸಣ್ಣ ವಿಷಯ ಅನಿಸಬಹುದು. ಮುಂದೆ ಆಗಿದ್ದೆಲ್ಲ ಇದರಿಂದಲೇ ಆಯ್ತು.

1973ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಅದರ ಸಂಪುಟದಲ್ಲಿ ಎನ್. ವಿ. ಮಧುಸೂದನ ಮತ್ತು ಚಂದ್ರಶೇಖರ್ ಒಂದು ಮುಖ್ಯವಾದ ಮಾತು ಬರೆದರು. ಕೆಲವು ಅಣುಗಳಿಗೆ ಒಂದು ತುದಿ ಪ್ಲಸ್, ಇನ್ನೊಂದು ತುದಿ ಮೈನಸ್ ಇರುತ್ತೆ, ಅಂದರೆ ಡೈಪೋಲ್. ಅಂಥ ಅಣುಗಳ ನೆಮ್ಯಾಟಿಕ್‌ನಲ್ಲಿ ಅಕ್ಕಪಕ್ಕದ ಅಣುಗಳು ಒಂದಕ್ಕೊಂದು ತಲೆ ಕೆಳಗಾಗಿ ಜೋಡಿ ಆಗೋದು ಜಾಸ್ತಿ ಅಂತ ಅವರು ತೋರಿಸಿದರು. ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ. ಹಾಗಾಗಿ ಪ್ಲಸ್ಸು ಮೈನಸ್ಸು ಕ್ಯಾನ್ಸಲ್ ಆಗಿ, ಒಟ್ಟಾರೆ ವಸ್ತುವಿಗೆ ತನ್ನದೇ ಧ್ರುವೀಕರಣ ಉಳಿಯಲ್ಲ.

ಹಾಗಾದರೆ ತನ್ನದೇ ಧ್ರುವೀಕರಣ ಇರೋ ದ್ರವ ಸಾಧ್ಯವೇ ಇಲ್ವಾ? ಇಲ್ಲಿಗೆ ಫೆರೋಎಲೆಕ್ಟ್ರಿಕ್ ಬರುತ್ತೆ. 1975ರಲ್ಲಿ ಹಾರ್ವರ್ಡ್‌ನ ರಾಬರ್ಟ್ ಮೇಯರ್ ಒಂದು ಸಿಮೆಟ್ರಿ ವಾದ ಮುಂದಿಟ್ಟರು. ಕಡ್ಡಿ ಅಣುಗಳು ಪದರ ಪದರವಾಗಿ ನಿಂತು, ಪ್ರತಿ ಪದರದಲ್ಲೂ ಸ್ವಲ್ಪ ವಾಲಿರಬೇಕು. ಜೊತೆಗೆ ಅಣುಗಳಿಗೆ ಎಡಗೈ ಬಲಗೈ ಥರ ವ್ಯತ್ಯಾಸ ಇರಬೇಕು, ಅದನ್ನ ಕೈರಾಲಿಟಿ ಅಂತಾರೆ. ಇವೆರಡೂ ಇದ್ದರೆ ಪ್ರತಿ ಪದರದಲ್ಲೂ, ವಾಲಿರೋ ದಿಕ್ಕಿಗೆ ಅಡ್ಡವಾಗಿ, ಧ್ರುವೀಕರಣ ಇರಲೇಬೇಕು. ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞರು ಅಂಥ ಅಣು ಮಾಡಿಕೊಟ್ಟರು, ವಾದ ನಿಜ ಆಯ್ತು. 1980ರಲ್ಲಿ ಕ್ಲಾರ್ಕ್ ಮತ್ತು ಲಾಗರ್‌ವಾಲ್ ಅದನ್ನ ಒಂದೆರಡು ಮೈಕ್ರೋಮೀಟರ್ ದಪ್ಪದ ಗಾಜಿನ ಸಂದಿಯಲ್ಲಿ ತುಂಬಿ, ಮೈಕ್ರೋಸೆಕೆಂಡುಗಳಲ್ಲಿ ಸ್ವಿಚ್ ಆಗೋದನ್ನ ತೋರಿಸಿದರು.

ಮಾಮೂಲಿ ಎಲ್‌ಸಿಡಿಯ ನೆಮ್ಯಾಟಿಕ್ ನಮ್ಮ ಮನೆ ಕಾಲಿಂಗ್ ಬೆಲ್ ಸ್ವಿಚ್ ಥರ. ಒತ್ತಿರೋವರೆಗೂ ಆನ್, ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನ ವಾಪಸ್ ತಳ್ಳುತ್ತೆ. ಅದು ವೋಲ್ಟೇಜ್‌ನ ಚಿಹ್ನೆ ನೋಡಲ್ಲ, ಪ್ಲಸ್ ಕೊಟ್ಟರೂ ಒಂದೇ ಮೈನಸ್ ಕೊಟ್ಟರೂ ಒಂದೇ. ವಾಪಸ್ ಬರೋದು ತನ್ನ ಸ್ಥಿತಿಸ್ಥಾಪಕತ್ವದಿಂದ, ಹಾಗಾಗಿ ಮಿಲಿಸೆಕೆಂಡುಗಟ್ಟಲೆ ನಿಧಾನ. ಫೆರೋಎಲೆಕ್ಟ್ರಿಕ್ ದ್ರವ ಸ್ಫಟಿಕ ಟ್ಯೂಬ್‌ಲೈಟ್ ಸ್ವಿಚ್ ಥರ. ಪ್ಲಸ್ ಕೊಟ್ಟರೆ ಈ ಕಡೆ ವಾಲುತ್ತೆ, ಮೈನಸ್ ಕೊಟ್ಟರೆ ಆ ಕಡೆ. ಎರಡೂ ಸಲ ವಿದ್ಯುತ್ ಕ್ಷೇತ್ರವೇ ತಳ್ಳೋದರಿಂದ ಬೇಗ. ವೋಲ್ಟೇಜ್ ತೆಗೆದರೂ ಎಲ್ಲಿತ್ತೋ ಅಲ್ಲೇ ಉಳಿಯುತ್ತೆ.

ಈ ಉಳಿಯೋದೇ ಹಿಸ್ಟೆರಿಸಿಸ್. ನಾವೆಲ್ಲ ಲ್ಯಾಬ್‌ನಲ್ಲಿ ಸಿಆರ್‌ಓ ಮೇಲೆ ಬಿ-ಎಚ್ ಕರ್ವ್ ತೆಗೆದು, ಅದರ ವಿಸ್ತೀರ್ಣ ಲೆಕ್ಕ ಹಾಕಿ, ರೆಕಾರ್ಡ್ ಬರೆದು ಸೈನ್ ಹಾಕಿಸಿಕೊಂಡಿದ್ದೀವಿ. ಇಲ್ಲಿ ಬಿ ಬದಲು ಧ್ರುವೀಕರಣ, ಎಚ್ ಬದಲು ವಿದ್ಯುತ್ ಕ್ಷೇತ್ರ, ಆಕಾರ ಮಾತ್ರ ಅದೇ. ವೋಲ್ಟೇಜ್ ಏರಿಸ್ತಾ ಹೋದಾಗ ಒಂದು ದಾರಿ, ಇಳಿಸ್ತಾ ಬಂದಾಗ ಇನ್ನೊಂದು ದಾರಿ. ಸೊನ್ನೆಗೆ ಬಂದಾಗಲೂ ಧ್ರುವೀಕರಣ ಸೊನ್ನೆ ಆಗಲ್ಲ. ಅದನ್ನ ತಿರುಗಿಸಬೇಕು ಅಂದರೆ ಉಲ್ಟಾ ದಿಕ್ಕಿನಲ್ಲಿ ಒಂದಿಷ್ಟು ಕ್ಷೇತ್ರ ಕೊಡಲೇಬೇಕು, ಅದೇ ಕೋಅರ್ಸಿವ್ ಫೀಲ್ಡ್. ಈಗಿನ ವೋಲ್ಟೇಜ್ ಎಷ್ಟು ಅಂತ ಹೇಳಿದರೆ ಸಾಲದು, ಇಲ್ಲಿಗೆ ಯಾವ ದಾರೀಲಿ ಬಂತು ಅಂತಾನೂ ಹೇಳಬೇಕು. ಇದನ್ನ ಅಳೆಯೋದಕ್ಕೆ 1930ರ ಸಾಯರ್-ಟವರ್ ಸರ್ಕ್ಯೂಟ್ ಸಾಕು. ಸೆಲ್ ಜೊತೆ ಸೀರೀಸ್‌ನಲ್ಲಿ ಒಂದು ದೊಡ್ಡ ಕೆಪಾಸಿಟರ್, ಅದರ ವೋಲ್ಟೇಜನ್ನ ವೈ ಕಡೆಗೆ, ಕೊಟ್ಟ ವೋಲ್ಟೇಜನ್ನ ಎಕ್ಸ್ ಕಡೆಗೆ. ಲೂಪ್ ಪರದೆ ಮೇಲೆ ಬರುತ್ತೆ.

ಇಷ್ಟು ಚೆನ್ನಾಗಿದ್ದ ಮೇಲೆ ನಮ್ಮ ಫೋನಿನಲ್ಲಿ ಯಾಕೆ ಇಲ್ಲ? ಆ ಪದರಗಳ ಜೋಡಣೆ ತುಂಬಾ ನಾಜೂಕು. ಬೆರಳಿನಿಂದ ಒತ್ತಿದರೆ, ಕೆಳಗೆ ಬಿದ್ದರೆ ಕೆಡುತ್ತೆ, ತಾನಾಗಿ ಸರಿ ಹೋಗಲ್ಲ. ಜಪಾನಿನ ಕ್ಯಾನನ್ ಕಂಪನಿ 1990ರ ದಶಕದಲ್ಲಿ ಫೆರೋಎಲೆಕ್ಟ್ರಿಕ್ ಮಾನಿಟರ್ ತಂದು ಆಮೇಲೆ ನಿಲ್ಲಿಸಿತು. ಕ್ಯಾಮೆರಾ ವ್ಯೂಫೈಂಡರ್‌ನ ಪುಟ್ಟ ಪರದೆಗಳಲ್ಲಿ ಮಾತ್ರ ಅದಕ್ಕೆ ಜಾಗ ಸಿಕ್ತು.

ಮತ್ತೆ ಚಂದ್ರಶೇಖರ್ ಕಡೆ ಬರೋಣ. ರೈನಿಟ್ಜರ್ ಕಾಲದಿಂದ ಸುಮಾರು ತೊಂಬತ್ತು ವರ್ಷ ಎಲ್ಲರೂ ನಂಬಿದ್ದು ಒಂದೇ, ದ್ರವ ಸ್ಫಟಿಕ ಆಗಬೇಕಾದರೆ ಅಣು ಕಡ್ಡಿಯ ಥರ ಉದ್ದ ಇರಬೇಕು. ಕಡ್ಡಿಯೇ ಯಾಕೆ, ತಟ್ಟೆ ಯಾಕೆ ಆಗಬಾರದು ಅನ್ನೋ ಪ್ರಶ್ನೆಯನ್ನ ಚಂದ್ರಶೇಖರ್ ಗಂಭೀರವಾಗಿ ತಗೊಂಡರು. ಬಿ. ಕೆ. ಸದಾಶಿವ ಅವರು ರಸಾಯನಶಾಸ್ತ್ರದ ಕಡೆಯಿಂದ, ಕೆ. ಎ. ಸುರೇಶ್ ಅವರು ಭೌತಶಾಸ್ತ್ರದ ಕಡೆಯಿಂದ ಜೊತೆಯಾದರು. ಮಧ್ಯೆ ಬೆಂಜೀನ್ ಉಂಗುರ, ಅದರ ಆರು ಮೂಲೆಗೂ ಆರು ಉದ್ದನೆ ಬಾಲ, ಅಂಥ ಅಣುಗಳನ್ನ ಮಾಡಿ ಬಿಸಿ ಮಾಡಿ ನೋಡಿದರು. ಎರಡು ಕರಗು ಬಿಂದು ಸಿಕ್ಕವು! ಎಕ್ಸ್‌-ರೇಯಲ್ಲಿ ನೋಡಿದರೆ ಅಣುಗಳು ದರ್ಶಿನಿಯಲ್ಲಿ ತೊಳೆದು ಜೋಡಿಸಿಟ್ಟ ಪ್ಲೇಟುಗಳ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗಿದ್ದವು. ಕಂಬಗಳು ಜೇನುಗೂಡಿನ ಥರ ಷಟ್ಕೋನದಲ್ಲಿ ನಿಂತಿದ್ದವು. ಶುದ್ಧವಾದ, ಒಂದೇ ಬಗೆಯ ತಟ್ಟೆ ಅಣುಗಳಿಂದ ಆದ ದ್ರವ ಸ್ಫಟಿಕ ಜಗತ್ತಿನಲ್ಲಿ ಅದೇ ಮೊದಲು. ಈಗ ಇವನ್ನ ಡಿಸ್ಕಾಟಿಕ್ ಅಂತಾರೆ.

ಇದನ್ನ ಅವರು ಪ್ರಕಟಿಸಿದ್ದು ಎಲ್ಲಿ? ವಿದೇಶದ ದೊಡ್ಡ ಪತ್ರಿಕೆಯಲ್ಲಲ್ಲ. 1977ರಲ್ಲಿ, ಬೆಂಗಳೂರಿನಲ್ಲೇ ಇರೋ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಹೊರತರೋ ಪ್ರಮಾಣ ಅನ್ನೋ ಪತ್ರಿಕೆಯಲ್ಲಿ. ಆ ಪತ್ರಿಕೆಗೆ ಆಗಿನ್ನೂ ನಾಲ್ಕೇ ವರ್ಷ. ಲೇಖನವೂ ಪುಟ್ಟದು, ಮೊದಲು ಅನ್ನೋ ಮಾತನ್ನೂ ಬಹುಶಃ ಅಂತ ಸೇರಿಸಿಯೇ ಬರೆದಿದ್ದಾರೆ. ಆದರೂ ಲೋಕದ ಎಲ್ಲಾ ಕಡೆಯಿಂದ ಜನ ಹುಡುಕಿಕೊಂಡು ಬಂದು ಓದಿದರು, ಡಿಸ್ಕಾಟಿಕ್ ಬಗ್ಗೆ ಬರೆಯೋರು ಇವತ್ತಿಗೂ ಆ ಲೇಖನದಿಂದಲೇ ಶುರು ಮಾಡ್ತಾರೆ. ಒಳ್ಳೆ ಕೆಲಸ ಒಳ್ಳೆ ವಿಳಾಸದಿಂದ ಬಂದರೆ ಮಾತ್ರ ಎಣಿಕೆಗೆ ಬರುತ್ತೆ ಅಂತ ಅಂದುಕೊಂಡಿರೋರಿಗೆ ಇದೊಂದು ಉತ್ತರ. ಹಾಗಂತ ಸುಲಭದ ಉತ್ತರ ಅಲ್ಲ, ಯಾಕೆಂದರೆ ಅದರ ಹಿಂದೆ ಹದಿನಾರು ವರ್ಷದ ಕೆಲಸ ಇತ್ತು.

ಅದೇ 1977ರಲ್ಲಿ ಅವರ ಪುಸ್ತಕವನ್ನ ಕೇಂಬ್ರಿಡ್ಜ್ ಪ್ರಕಟಿಸಿತು, ಹೆಸರು ಲಿಕ್ವಿಡ್ ಕ್ರಿಸ್ಟಲ್ಸ್ ಅಂತಷ್ಟೇ. 1992ರಲ್ಲಿ ಎರಡನೇ ಆವೃತ್ತಿ ಬಂತು. ಈ ವಿಷಯದಲ್ಲಿ ಪಿಎಚ್‌.ಡಿ. ಮಾಡೋರು ಈಗಲೂ ಅದನ್ನ ತೆರೆದು ನೋಡ್ತಾರೆ. 1982ರಲ್ಲಿ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನವೇ ಬೆಂಗಳೂರಿಗೆ ಬಂತು. 1983ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಇನ್ನೊಬ್ಬ ಎಸ್. ಚಂದ್ರಶೇಖರ್‌ಗೆ ನೊಬೆಲ್ ಬಂತು, ಹಾಗಾಗಿ ಪೇಪರ್‌ನಲ್ಲಿ ಯಾರ ಹೆಸರು ದೊಡ್ಡದಾಗಿ ಬಂದಿರುತ್ತೆ ಅಂತ ಹೇಳಬೇಕಾಗಿಲ್ಲ. 1990ರಲ್ಲಿ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸೊಸೈಟಿ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಇವರೇ. 1994ರಲ್ಲಿ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ.

1990ರಲ್ಲಿ ರಾಮನ್ ಸಂಸ್ಥೆಯಿಂದ ನಿವೃತ್ತಿ ಆಯ್ತು. ಅರವತ್ತು ವಯಸ್ಸು, ಎಲ್ಲಾ ಹೆಸರು ಬಂದಿದೆ, ಮನೆಯಲ್ಲಿ ಆರಾಮಾಗಿ ಇರಬಹುದಿತ್ತು. ಅವರು ಮತ್ತೆ ಸೊನ್ನೆಯಿಂದ ಶುರು ಮಾಡಿದರು. ಮೈಸೂರಲ್ಲಿ ಒಂದು ಸಲ, ರಾಮನ್ ಸಂಸ್ಥೆಯಲ್ಲಿ ಒಂದು ಸಲ, ಈಗ ಮೂರನೇ ಸಲ. ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ಕೊಟ್ಟ ಕಟ್ಟಡದಲ್ಲಿ 1991ರಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಶುರು ಆಯ್ತು. ಆ ಹೊತ್ತಿಗೆ ಅವರ ಗುಂಪು ಫೆರೋಎಲೆಕ್ಟ್ರಿಕ್ ದ್ರವ ಸ್ಫಟಿಕಗಳ ಮೇಲೂ ಕೆಲಸ ಮಾಡ್ತಿತ್ತು, ಜಾಲಹಳ್ಳಿಯಲ್ಲಿ ಅದು ಮುಂದುವರೀತು.

ಇದೇ ಸಮಯಕ್ಕೆ ಅವರ ಎರಡು ದಾರಿಗಳು ಬೇರೆ ದೇಶದಲ್ಲಿ ಒಂದಾದವು. 1992ರಲ್ಲಿ ಬರ್ಲಿನ್‌ನ ಬಾಕ್ ಮತ್ತು ಹೆಲ್ಫ್ರಿಕ್, ಕೈರಾಲಿಟಿ ಇರೋ ತಟ್ಟೆ ಅಣುಗಳು ಕಂಬದೊಳಗೆ ವಾಲಿ ನಿಂತರೆ ಆ ಕಂಬಗಳಿಗೂ ಧ್ರುವೀಕರಣ ಇರುತ್ತೆ, ವಿದ್ಯುತ್ ಕ್ಷೇತ್ರದಿಂದ ಅದನ್ನ ತಿರುಗಿಸಬಹುದು ಅಂತ ತೋರಿಸಿದರು. ಅಂದರೆ ಮೇಯರ್‌ರ ವಾದ ಬೆಂಗಳೂರಿನ ತಟ್ಟೆಗಳಿಗೂ ಸರಿ ಹೋಯ್ತು. ಆ ಹೆಲ್ಫ್ರಿಕ್ ಬೇರೆ ಯಾರೂ ಅಲ್ಲ, ಕ್ಯಾಲ್ಕುಲೇಟರ್‌ನಿಂದ ಹಿಡಿದು ಎಲ್ಲಾ ಕಡೆ ಬಂದ ಟ್ವಿಸ್ಟೆಡ್ ನೆಮ್ಯಾಟಿಕ್ ಡಿಸ್‌ಪ್ಲೇಯನ್ನ 1970ರ ಆಸುಪಾಸಿನಲ್ಲಿ ಶಾಟ್ ಜೊತೆ ಸೇರಿ ಕಂಡುಹಿಡಿದವರು. ಅಂಥ ಡಿಸ್‌ಪ್ಲೇಗಳಿಗೆ ಒಂದು ತೊಂದರೆ ಇತ್ತು, ಸ್ವಲ್ಪ ಪಕ್ಕದಿಂದ ನೋಡಿದರೆ ಬಣ್ಣ ಉಲ್ಟಾ ಆಗ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಅದಕ್ಕೆ ಪರಿಹಾರವಾಗಿ ತಂದ ಫಿಲ್ಮಿನೊಳಗೆ ಇದ್ದಿದ್ದು ಡಿಸ್ಕಾಟಿಕ್ ಅಣುಗಳು. ಹಳೇ ಮಾನಿಟರ್ ಮುಂದೆ ಕೂತ ಎಷ್ಟೋ ಲಕ್ಷ ಜನ ತಮಗೆ ಗೊತ್ತಿಲ್ಲದೇ ಬೆಂಗಳೂರಿನ ಆ ತಟ್ಟೆಗಳ ಮೂಲಕ ನೋಡಿದ್ದಾರೆ.

2004ರ ಮಾರ್ಚ್ 8ರಂದು, 73ನೇ ವಯಸ್ಸಿನಲ್ಲಿ, ಚಂದ್ರಶೇಖರ್ ಬೆಂಗಳೂರಿನಲ್ಲೇ ತೀರಿಕೊಂಡರು. ನನ್ನ ಬ್ಯಾಚಿನವರು ಯಾರೂ ಆಗಿನ್ನೂ ಹುಟ್ಟಿರಲಿಲ್ಲ. ಜಾಲಹಳ್ಳಿಯ ಕೇಂದ್ರ ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಅಂತ ಹೆಸರು ಬದಲಿಸಿಕೊಂಡು, ನಗರದ ಹೊರಗೆ ಶಿವನಪುರದ ಅರ್ಕಾವತಿ ಕ್ಯಾಂಪಸ್ಸಿನಲ್ಲಿದೆ. ಅಕ್ಕಪಕ್ಕದ ಅಣುಗಳು ತಲೆ ಕೆಳಗಾಗಿ ಕ್ಯಾನ್ಸಲ್ ಆಗ್ತವೆ ಅಂತ ಹೇಳಿದ್ದರಲ್ಲ, ಆ ಕಥೆಯೂ ನಿಂತಿಲ್ಲ. ಕ್ಯಾನ್ಸಲ್ ಆಗದೇ ಎಲ್ಲಾ ಡೈಪೋಲ್‌ಗಳು ಒಂದೇ ಕಡೆ ತಿರುಗೋ ನೆಮ್ಯಾಟಿಕ್ ಸಾಧ್ಯ ಅಂತ 1916ರಲ್ಲೇ ಮ್ಯಾಕ್ಸ್ ಬಾರ್ನ್ ಹೇಳಿದ್ದರು. ನೂರು ವರ್ಷ ದಾಟಿದ ಮೇಲೆ, 2017ರಲ್ಲಿ ಅದಕ್ಕೆ ಬೇಕಾದ ಅಣುಗಳು ಸಿಕ್ಕವು, 2020ರಲ್ಲಿ ಅದು ಫೆರೋಎಲೆಕ್ಟ್ರಿಕ್ ಅಂತ ಗಟ್ಟಿಯಾಯ್ತು. ಈಗ ಈ ಕ್ಷೇತ್ರದಲ್ಲಿ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ಅಣುಗಳು ಯಾಕೆ ಜೋಡಿ ಆಗ್ತವೆ, ಯಾವಾಗ ಆಗಲ್ಲ ಅಂತ ಕೇಳೋವಾಗ ಮೇಖ್ರಿ ಸರ್ಕಲ್ ಹತ್ತಿರ 1970ರ ದಶಕದಲ್ಲಿ ಮಾಡಿದ ಆ ಲೆಕ್ಕವನ್ನ ನೋಡಲೇಬೇಕು.

ಜಯನಗರದಲ್ಲೋ ಬನಶಂಕರಿಯಲ್ಲೋ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ, ಇಳಿದು ಬದಲಾಯಿಸೋ ಕೆಲಸ ಇಲ್ಲದೇ ಜಾಲಹಳ್ಳಿ ಸ್ಟೇಷನ್ ಬರುತ್ತೆ. ಅಷ್ಟು ಹತ್ತಿರದಲ್ಲಿ ಇದೆಲ್ಲ ಆಗಿದೆ. ಆದರೂ ನಮ್ಮಲ್ಲಿ ರಿಸರ್ಚ್ ಅಂದ ತಕ್ಷಣ ಮೊದಲು ಬರೋ ಮಾತು ಜಿಆರ್‌ಇ ಯಾವಾಗ ಅಂತ. ಹೊರಗೆ ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ, ಚಂದ್ರಶೇಖರ್ ಕೂಡ ಹೋಗಿದ್ದರು, ಅಲ್ಲಿ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಆದರೆ ಇಲ್ಲಿ ಏನೂ ಆಗಲ್ಲ ಅನ್ನೋ ಮಾತನ್ನ ಮಾತ್ರ ಇನ್ನು ಮೇಲೆ ಸ್ವಲ್ಪ ಯೋಚಿಸಿ ಹೇಳೋಣ. ಮುಂದಿನ ಸಲ ವೈವಾದಲ್ಲಿ ಹಿಸ್ಟೆರಿಸಿಸ್ ಅಂದರೇನು ಅಂತ ಕೇಳಿದಾಗ ಕಬ್ಬಿಣದ ಉದಾಹರಣೆ ಕೊಟ್ಟ ಮೇಲೆ, ಇನ್ನೊಂದು ಉದಾಹರಣೆಯೂ ಇದೆ ಸಾರ್, ಅದು ದ್ರವದಲ್ಲೂ ಆಗುತ್ತೆ ಅಂತ ಹೇಳಿ ನೋಡಿ. ಯಾವ ಚಂದ್ರಶೇಖರ್ ಅಂತ ಕೇಳಿದರೆ ನಿಮಗೆ ಈಗ ಗೊತ್ತು.